ಹೊಟ್ಟೆ ಕೆಟ್ಟವರ ಕಾಫಿ

ಯಾರ ಮನೆಗಾದರೂ ಹೋದಾಗ "ಕಾಫಿ ತಗೋತೀರೋ, ಚಹಾನೋ?" ಎಂದು ಕೇಳಿದರೆ ಸಾಕು, ನನ್ನ ಕಿವಿ ಬಿಸಿಯಾಗುತ್ತದೆ. ಅರವತ್ತು ದಾಟಿದ ಹೆಂಗಸು ನಾನು. ಇಬ್ಬರು ಮಕ್ಕಳ ಮದುವೆ ಮಾಡಿದವಳು, ಬೀಗರ ಜೊತೆ ಜಗಳ ತೆಗೆದು ಗೆದ್ದವಳು, ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ ಟವೆಲ್ ತೂರಿ ಸೀಟು ಹಿಡಿದವಳು. ನಾಚಿಕೆಗೂ ನನಗೂ ಹೋಗಿಬರುವ ಬಳಕೆ ಅಷ್ಟಾಗಿ ಇಲ್ಲ. ಆದರೆ ಕಾಫಿ ಎಂಬ ಎರಡಕ್ಷರ ಕಿವಿಗೆ ಬಿದ್ದರೆ ಮಾತ್ರ ನೆತ್ತಿಯ ಮೇಲೆ ಸೆರಗು ಎಳೆದುಕೊಂಡು ಮೂಲೆ ಸೇರಬೇಕು ಅನ್ನಿಸುತ್ತದೆ.

ಮೊನ್ನೆಯೂ ಹೀಗೇ ಆಯಿತು. ಇಲ್ಲಿ ಕಲಘಟಗಿಯಲ್ಲಿ ನಮ್ಮ ಬಾಜೂ ಮನೆಗೆ ತುಮಕೂರು ಕಡೆಯ ಹೆಣ್ಣುಮಗಳೊಬ್ಬಳು ಬಾಡಿಗೆಗೆ ಬಂದಿದ್ದಾಳೆ. ಸಾಮಾನು ಬಿಚ್ಚುವಾಗ ಮೊದಲು ಹೊರಗೆ ತೆಗೆದದ್ದು ದೇವರ ಫೋಟೋ ಅಲ್ಲ, ಹಿತ್ತಾಳೆಯ ಫಿಲ್ಟರು. "ಬನ್ನಿ ಆಂಟಿ, ಒಂದು ಲೋಟ ಕಾಫಿ ಕುಡಿದು ಹೋಗಿ" ಎಂದು ಕರೆದಳು. "ಈಗ ಚಹಾ ಆತವ್ವಾ" ಎಂದು ಹಸಿ ಸುಳ್ಳು ಹೇಳಿ ಬಂದುಬಿಟ್ಟೆ. ನಮ್ಮ ಯಜಮಾನರು ಮಿಶ್ರಿಕೋಟಿಯವರು, ಚಹಾದಲ್ಲೇ ಹುಟ್ಟಿ ಬೆಳೆದವರು. "ಪಾಪ, ಅಷ್ಟ ಪ್ರೀತಿಲೆ ಕರದ್ರ ಯಾಕ ಓಡಿ ಬಂದಿ?" ಎಂದು ಕೇಳಿದರು. ಅವರಿಗೆ ಈ ಕತೆ ಅರ್ಧ ಗೊತ್ತು, ಇನ್ನರ್ಧ ನಾನು ಹೇಳಿಲ್ಲ. ನಿಮಗೆ ಪೂರ್ತಿ ಹೇಳುತ್ತೇನೆ. ನಡುವೆ ನಗು ಬಂದರೆ ದಯವಿಟ್ಟು ಮುಖ ಆಚೆ ತಿರುಗಿಸಿ ನಗಿ.

ನನ್ನ ತವರು ಶಲವಡಿ. ನಾನು ಹೇಳುವುದು ಎಂಬತ್ತರ ದಶಕದ ಮಾತು. ಆಗ ನಮ್ಮೂರಿನಲ್ಲಿ ಕ್ಷೇಮ ಸಮಾಚಾರ ಶುರುವಾಗುತ್ತಿದ್ದದ್ದೇ "ಚಹಾ ಆತೇನ್ರಿ?" ಎಂಬಲ್ಲಿಂದ. ಆಗಿದ್ದರೂ ಆಗಿಲ್ಲ ಅನ್ನಬೇಕು, ಆಗಿಲ್ಲದಿದ್ದರೆ ಆಗಿದೆ ಅನ್ನಬೇಕು, ಎರಡಕ್ಕೂ ಚಹಾ ಬಂದೇ ಬರುತ್ತಿತ್ತು. ಬದುವಿನ ಜಗಳಕ್ಕೆ ಬಂದವನಿಗೂ ಮೊದಲು ಚಹಾ, ಆಮೇಲೆ ಜಗಳ. ಕುಡಿಯುವುದೂ ಸುಮ್ಮನೆ ಅಲ್ಲ. ಕಪ್ಪಿನಿಂದ ಬಶಿಗೆ ಸುರಿಯಬೇಕು, ಬಶಿಯನ್ನು ಐದೂ ಬೆರಳಿನ ಮೇಲೆ ಕೂಡಿಸಬೇಕು, ಊದಬೇಕು, ಸುರ್ ಎಂದು ಓಣಿಗೆಲ್ಲ ಕೇಳುವಂತೆ ಎಳೆಯಬೇಕು. ನಮ್ಮಪ್ಪ ಚಹಾ ಕುಡಿಯುವ ಸಪ್ಪಳ ಕೇಳಿ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಲ್ಲುತ್ತಿತ್ತು. ಅದಕ್ಕೆ ಹಿಂಡಿ ಹಾಕುವ ಹೊತ್ತೂ ಅದೇ ಆಗಿತ್ತು ಅನ್ನಿ.

ಕಾಫಿಯೂ ನಮ್ಮ ಮನೆಯಲ್ಲಿ ಇತ್ತು. ಇರಲಿಲ್ಲ ಅಂದವರು ಯಾರು? ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ಅಜವಾನ, ಹಿಂಗು, ಸುಂಠಿ, ಬಜೆ, ಔಡಲೆಣ್ಣೆಯ ಬಾಟಲಿ, ಅವುಗಳ ಹಿಂದೆ ಒಂದು ಗಾಜಿನ ಶೀಶೆಯಲ್ಲಿ ಕಾಫಿ ಪುಡಿ. ನಮ್ಮಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ವರ್ಷಕ್ಕೊಮ್ಮೆ ಹುಬ್ಬಳ್ಳಿಯಿಂದ ಒಂದು ಸಣ್ಣ ಪೊಟ್ಟಣ ತಂದು ಅದಕ್ಕೆ ತುಂಬುತ್ತಿದ್ದ. ಮಳೆಗಾಲ ಬರುವಷ್ಟರಲ್ಲಿ ಅದು ಗಟ್ಟಿಯಾಗಿ ಹೆಂಟೆ ಕಟ್ಟುತ್ತಿತ್ತು. ಆಯಿ ಅದನ್ನು ಲಟ್ಟಣಿಗೆಯಿಂದ ಕುಟ್ಟಿ ತೆಗೆಯುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ, ನಮ್ಮ ಓಣಿಯ ಅರ್ಧ ಡಾಕ್ಟರು.

ಯಾರಿಗಾದರೂ ಹೊಟ್ಟೆ ಕೆಟ್ಟರೆ ಈ ಶೀಶೆ ಹೊರಗೆ ಬರುತ್ತಿತ್ತು. ಕುದಿಯುವ ನೀರಿಗೆ ಪುಡಿ, ಹಾಲಿಲ್ಲ, ಸಕ್ಕರೆಯಿಲ್ಲ, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಬೇಕು. ನಾನು ಹೊಲದಲ್ಲಿ ಹಸಿ ಶೇಂಗಾ ತಿಂದು, ಅದರ ಮೇಲೆ ಸುಟ್ಟ ಎಳೆ ಜೋಳದ ಸೀತನಿ ತಿಂದು, ಅದರ ಮೇಲೆ ಹಳ್ಳದ ನೀರು ಕುಡಿದು ಬಂದ ರಾತ್ರಿಗಳಲ್ಲಿ ಆಯಿ ಮೂಗು ಹಿಡಿದು ಕುಡಿಸಿದ್ದಾಳೆ. ಕಹಿಯೋ ಹುಳಿಯೋ ಎಂದು ನಾಲಿಗೆ ತೀರ್ಮಾನಿಸುವ ಮೊದಲೇ ಅದು ಗಂಟಲು ದಾಟಿರುತ್ತಿತ್ತು. ಕುಡಿದ ಮೇಲೆ ಹೊಟ್ಟೆಯೂ ಹೆದರಿ ಸುಮ್ಮನಾಗುತ್ತಿತ್ತು.

ಹೀಗಾಗಿ ಪ್ರಾಥಮಿಕ ಶಾಲೆಯಲ್ಲಿ ಮೈಸೂರು ಸೀಮೆಯ ಮಾಸ್ತರರೊಬ್ಬರು "ನಮ್ಮ ಊರಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಕಾಫಿ, ಸಾಯಂಕಾಲ ಮತ್ತೆ ಕಾಫಿ, ನೆಂಟರು ಬಂದರೂ ಕಾಫಿ" ಎಂದಾಗ ನಾವೆಲ್ಲ ಮಿಕಿಮಿಕಿ ನೋಡಿದೆವು. ಮನೆಗೆ ಬಂದು ಆಯಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು, "ಅಯ್ಯ ಪಾಪ, ಆ ಕಡೆ ನೀರ ಸರಿ ಇಲ್ಲಂತ ಕಾಣತೈತಿ. ಬಂದ ಬೀಗರಿಗೂ ಹತ್ತಿಕೊಳ್ಳತೈತಿ ಅಂದ್ರ ಏನ ಹೇಳೂದು" ಎಂದು ಮರುಗಿದಳು. ಮರುದಿನ ಮಾಸ್ತರರಿಗೆಂದು ಒಂದು ಡಬ್ಬಿ ಗಟ್ಟಿ ಮೊಸರು ಕಳಿಸಿದಳು. ಅವರು ಸಂತೋಷದಿಂದ ಉಂಡರು, ಯಾಕೆ ಬಂತೆಂದು ಕೇಳಲಿಲ್ಲ.

ಹಾಲು ಹಾಕಿದ ಕಾಫಿಯನ್ನು ನಾನು ಮೊದಲು ನೋಡಿದ್ದು ಅಣ್ಣಿಗೇರಿಯಲ್ಲಿ. ಪಿಯುಸಿ ಮುಗಿಸಿದ ಮೇಲೆ ಅಪ್ಪ ನನ್ನನ್ನು ಅಲ್ಲಿಯ ಟೈಪಿಂಗ್ ಕ್ಲಾಸಿಗೆ ಹಚ್ಚಿದ್ದರು. ದಿನಾ ಮುಂಜಾನೆ ಬಸ್ಸಿಗೆ ಹೋಗಿ ಬರುವುದು. ಕ್ಲಾಸು ಮಾಳಿಗೆಯ ಮೇಲೆ, ನನ್ನ ಮಶೀನು ಕಿಟಕಿಯ ಪಕ್ಕ. ಕಿಟಕಿಯ ಎದುರಿಗೆ, ರಸ್ತೆಯಾಚೆ, ದಕ್ಷಿಣ ಕನ್ನಡದ ಕಡೆಯವರೊಬ್ಬರ ಹೋಟೆಲ್ಲು. ಬ್ಯಾಂಕಿಗೆ ಹೊಸದಾಗಿ ಬಂದ ಕ್ಲಾರ್ಕೊಬ್ಬರು ಬ್ಯಾಂಕು ತೆರೆಯುವ ಮೊದಲು ಅಲ್ಲಿ ಬಂದು ಕೂಡುತ್ತಿದ್ದರು. ಸುತ್ತ ಎಲ್ಲರೂ ಬಶಿಯಲ್ಲಿ ಸುರ್ ಸುರ್ ಎನ್ನುತ್ತಿದ್ದರೆ ಇವರ ಮುಂದೆ ಒಂದು ಲೋಟ, ಒಂದು ಬಟ್ಟಲು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಕೈ ಉದ್ದ ಮಾಡಿ ಸುರಿಯುವುದು. ಒಂದು ಹನಿ ಕೆಳಗೆ ಬೀಳದು. ಆಮೇಲೆ ಲೋಟ ಮೇಲಕ್ಕೆತ್ತಿ, ತುಟಿಗೆ ಮುಟ್ಟಿಸದೆ, ಸಪ್ಪಳವೇ ಇಲ್ಲದೆ ಕುಡಿಯುವುದು. ಗಂಡಸರು ಸಪ್ಪಳ ಮಾಡದೆ ಏನನ್ನಾದರೂ ಮಾಡಬಲ್ಲರು ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ನಾನು ನೋಡುತ್ತ ಕೂತೆ. ನೋಡಿದ್ದು ಲೋಟವನ್ನು ಎಂದು ನನಗೆ ನಾನೇ ಹೇಳಿಕೊಂಡೆ. ಟೈಪು ಮಾಡಿದ ಹಾಳೆಯ ತುಂಬ ತಪ್ಪು. ಕಲಿಸುವವರು "ಏನವ್ವ ನೀಲಾ, ಲಕ್ಷ್ಯ ಎಲ್ಲೈತಿ?" ಎಂದು ಕೇಳಿದರೆ "ರಿಬ್ಬನ್ನು ಸರಿ ಇಲ್ರಿ ಸರ್" ಎನ್ನುತ್ತಿದ್ದೆ.

ಒಂದು ದಿನ ಆ ಕ್ಲಾರ್ಕು ತಲೆ ಎತ್ತಿ ಕಿಟಕಿ ನೋಡಿದರು. ನಾನು ಮಶೀನಿನ ಹಿಂದೆ ಬಗ್ಗಿದೆ. ಮರುದಿನ ನೋಡಿದರೆ ಅವರು ಕುರ್ಚಿ ತಿರುಗಿಸಿ ಕಿಟಕಿಗೆ ಎದುರಾಗಿ ಕೂತಿದ್ದಾರೆ. ಆಮೇಲೆ ಅದೇ ಅವರ ಜಾಗವಾಯಿತು. ಕುಡಿಯುವ ಮೊದಲು ಲೋಟವನ್ನು ಒಂದಿಷ್ಟು ಕಿಟಕಿಯ ಕಡೆ ಎತ್ತುವರು, ತಗೋರಿ ಅನ್ನುವ ಹಾಗೆ. ನಾನು ಸ್ಪೇಸ್ ಬಾರು ಒತ್ತುತ್ತಿದ್ದೆ. ಒಂದು ಮಾತಿಲ್ಲ, ಒಂದು ಚೀಟಿಯಿಲ್ಲ. ಇಷ್ಟೇ ನಮ್ಮ ವ್ಯವಹಾರ. ಇಷ್ಟಕ್ಕೇ ನನಗೆ ರಾತ್ರಿ ರೊಟ್ಟಿ ಸೇರುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಅಣ್ಣಿಗೇರಿಯ ಬ್ಯಾಂಕಿನಿಂದ ಬಂದವರೇ ಅವ್ವನನ್ನು ಕರೆದು, ಮ್ಯಾನೇಜರರು ಒಂದು ಗಂಡಿನ ವಿಷಯ ತೆಗೆದರು, ನಮ್ಮ ಪೈಕಿಯೇ, ತಿಪಟೂರು ಕಡೆಯವರು, ಹುಡುಗ ಅದೇ ಬ್ಯಾಂಕಿನಲ್ಲಿ ಕ್ಲಾರ್ಕು ಎಂದರು. "ನನಗ ಹೊಳದ ಹೇಳಾಕತ್ತೀನಿ ಅಂದ್ರು ಮ್ಯಾನೇಜರ್ರು" ಎಂದೂ ಹೇಳಿದರು. ಯಾರಿಗೆ ಹೊಳೆದು ಯಾರ ಬಾಯಿಂದ ಬಂದದ್ದು ಎಂದು ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಗೊತ್ತಿತ್ತು. ಆ ರೊಟ್ಟಿ ಹರಿಯಿತು. ಅವ್ವ "ಏನ ಬೇ, ನಿನಗೇನಂತಿ?" ಎಂದಾಗ, ಯಾರೋ ಏನೋ ಎಂಬ ಮುಖ ಮಾಡಿ "ನೀವು ಹೆಂಗ ಹೇಳ್ತೀರಿ ಹಂಗ" ಎಂದೆ. ಅಷ್ಟು ಸಜ್ಜನಿಕೆ ನನ್ನಲ್ಲಿ ಅದಕ್ಕೂ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ.

ಕನ್ಯೆ ನೋಡಲು ಅವರು ಬಂದದ್ದು ಒಂದು ರವಿವಾರ. ಹುಡುಗ, ಹುಡುಗನ ತಾಯಿ, ಸೋದರಮಾವ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಪ್ಪ, ಕಾಕಾ ಅವರೆದುರಿಗೆ. ಒಳಗೆ ಅವ್ವ ಶಿರಾ ಮಾಡಿ, ಮಿರ್ಚಿ ಭಜಿ ಕರಿಯುತ್ತಿದ್ದಳು. ಚಹಾದ ಜವಾಬ್ದಾರಿ ಆಯಿಯದು. ನಾನು ಇಳಕಲ್ ಸೀರೆ ಉಟ್ಟು, ಉಸಿರು ಬಿಡಲು ಹೆದರುತ್ತ, ಮಣೆಯ ಮೇಲೆ ಕೂತಿದ್ದೆ. ಚಹಾ ಕುದಿದು ಇನ್ನೇನು ಸೋಸಬೇಕು, ಅಷ್ಟರಲ್ಲಿ ಹೊರಗಿನಿಂದ ಹುಡುಗನ ತಾಯಿಯ ಧ್ವನಿ ಕೇಳಿತು.

"ತೊಂದರೆ ತಗೋಬೇಡಿ. ಟೀ ಅಭ್ಯಾಸ ಇಲ್ಲ ನಮಗೆ. ಕಾಫಿ ಇದ್ದರೆ ಒಂದೊಂದು ಲೋಟ ಕೊಡಿ, ಸಾಕು."

ಅವ್ವ ಹೊರಗೆ ಹೋಗಿ ಕೇಳಿ ಬಂದು, "ಅತ್ತಿ, ಕಾಫೀನ ಬೇಕಂತ ಅವರಿಗೆ" ಎಂದಳು.

ಆಯಿಯ ಕೈ ನಿಂತಿತು. "ಯಾರಿಗೆ?"

"ಮೂರೂ ಮಂದಿಗೆ."

"ಅಯ್ಯ ಶಿವನ. ಮೂರೂ ಮಂದಿಗೆ?" ಆಯಿ ಚಹಾದ ಪಾತ್ರೆ ಕೆಳಗಿಳಿಸಿದಳು. "ನೀರ ಬದಲಾಗೇತಿ ನೋಡ. ದೂರದ ಪ್ರವಾಸ. ಬಾಯಿ ಬಿಟ್ಟ ಹೇಳಾಕ ಸಂಕೋಚ ಪಾಪ, ಕಾಫಿ ಕೊಡ್ರಿ ಅಂತ ಅಂದಾರ."

ಶೀಶೆ ಗೂಡಿನಿಂದ ಇಳಿಯಿತು. ನನ್ನ ಎದೆಯೂ ಇಳಿಯಿತು.

"ಆಯಿ, ಅದಕ್ಕ ಹಾಲು, ಸಕ್ರಿ ಹಾಕಬೇಕ" ಎಂದೆ ಮೆಲ್ಲಗೆ.

"ಹಾಲು ಹಾಕಿದ್ರ ಮತ್ತಷ್ಟ ಕೆಡತೈತಿ. ಅವರ ಕಡೆ ಹೆಂಗ ಕುಡಿತಾರ ಅನ್ನೂದು ನಿನಗೇನ ಗೊತ್ತ?"

ನನಗೆ ಗೊತ್ತಿತ್ತು. ಆದರೆ ಹೇಗೆ ಗೊತ್ತು ಎಂದು ಹೇಳುವ ಹಾಗಿರಲಿಲ್ಲ. ಅವ್ವ ನನ್ನ ಮುಖ ನೋಡಿದಳು, ನಾನು ಬಳೆ ನೋಡಿಕೊಂಡೆ. ಅವ್ವನಿಗೂ ಅನುಮಾನ ಇದ್ದಿರಬೇಕು, ಆದರೆ ಅವಳು ಅತ್ತೆಗೆ ಎದುರಾಡುವವಳಲ್ಲ. ಆಯಿ ಮೂರು ಲೋಟಕ್ಕೆ ಕರ್ರಗೆ ಸುರಿದು, ಒಂದೊಂದಕ್ಕೆ ಅರ್ಧ ಅರ್ಧ ನಿಂಬೆಹಣ್ಣು ಹಿಂಡಿ, ಬೀಜ ಚಮಚದಿಂದ ತೆಗೆದು, ತಾಟು ನನ್ನ ಕೈಗಿಟ್ಟಳು. ನಮ್ಮಲ್ಲಿ ಬಂದವರಿಗೆ ಮೊದಲು ಕುಡಿಯಲು ಕೊಡುವವಳು ನೋಡಿಸಿಕೊಳ್ಳುವ ಹುಡುಗಿಯೇ.

ತಾಟು ಹಿಡಿದು ಹೋದೆ. ತಾಯಿ ಲೋಟ ತಗೊಂಡು, ಬಟ್ಟಲು ಬರುತ್ತದೇನೋ ಎಂದು ಒಂದು ಗಳಿಗೆ ಕಾದು, ಒಂದು ಗುಟುಕು ಕುಡಿದರು. ಅವರ ಮುಖ ಹೇಗಾಯಿತು ಎಂದು ನಾನು ಹೇಳಲಾರೆ. ಲೋಟವನ್ನು ಸದ್ದಿಲ್ಲದೆ ನೆಲದ ಮೇಲಿಟ್ಟರು. ಸೋದರಮಾವ ಮೂಸಿ ನೋಡಿಯೇ ಇಟ್ಟರು. ಹುಡುಗ ಮಾತ್ರ ಅದೇ ನನಗೆ ಗೊತ್ತಿದ್ದ ರೀತಿಯಲ್ಲಿ ಲೋಟ ಮೇಲಕ್ಕೆತ್ತಿದರು. ಎತ್ತಿ ಕುಡಿಯುವವರ ಕಷ್ಟ ಏನೆಂದರೆ, ನಡುವೆ ನಿಲ್ಲಿಸಲು ಬರುವುದಿಲ್ಲ. ಅಷ್ಟೂ ಗಂಟಲಿಗಿಳಿಯಿತು. ಕಣ್ಣಲ್ಲಿ ನೀರು ಬಂತು. ಆದರೂ ಮುಖ ಕಿವಿಚಲಿಲ್ಲ, ಕೆಮ್ಮಲಿಲ್ಲ.

ಆಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹುಡುಗಗ ಭಾಳ ಆಗೇತಿ ಕಾಣತೈತಿ. ಇನ್ನೊಂದ್ ಕೊಡ ಅವಗ" ಎಂದು ಇನ್ನೊಂದು ಲೋಟ ತಂದು ತಾನೇ ನನ್ನ ತಾಟಿನಲ್ಲಿಟ್ಟಳು. ಅವರು ಒಮ್ಮೆ ನನ್ನ ಕಡೆ ನೋಡಿದರು. ತಗೊಂಡರು. ಅದನ್ನೂ ಕುಡಿದರು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದು ಈಗ ಬರೆಯುವಾಗಲೂ ಸಂಕೋಚವಾಗುತ್ತದೆ. ನನಗೋಸ್ಕರ ವಿಷ ಕೊಟ್ಟರೂ ಕುಡಿದಾರು ಅಂದುಕೊಂಡೆ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವ್ವ ತಿಂಡಿಯ ತಾಟುಗಳನ್ನು ತಂದಿಟ್ಟಳು. ಹುಡುಗ ಬಾಯಿಯ ಕಹಿ ಕಳೆದರೆ ಸಾಕೆಂದು ಮಿರ್ಚಿ ಭಜಿಗೆ ಕೈ ಹಾಕಿದರು. ಆಯಿ ಬಂದವಳೇ ಅವರ ಬಾಜೂಕ್ಕೆ ಕೂತು, ತಾಟು ಈಚೆ ಎಳೆದುಕೊಂಡು, ಒಂದು ಬಟ್ಟಲು ಮೊಸರನ್ನ ಮುಂದಿಟ್ಟಳು.

"ಎಣ್ಣಿದು ಬ್ಯಾಡಪಾ ತಮ್ಮಾ. ಮಸರನ್ನ ಉಣ್ಣು, ತಂಪಕ್ಕೈತಿ. ಮುಂಜಾನಿಂದ ಎಷ್ಟ ಸಲ ಹೋಗಿ ಬಂದಿ?"

ಹುಡುಗ ಕೆಂಪಗಾದರು. ತಾಯಿಗೆ ನಮ್ಮ ಮಾತು ಹಿಡಿಯಲಿಲ್ಲ. "ಎಲ್ಲಿಗೆ ಹೋಗಿ ಬಂದಿದ್ದು ಕೇಳ್ತಿದ್ದಾರೆ?" ಎಂದು ತಮ್ಮನನ್ನು ಕೇಳಿದರು. ಆ ಸೋದರಮಾವನಿಗೆ ಅರ್ಥವಾಗಿತ್ತು, ಅವರು ಚಾವಣಿಯ ಜಂತಿ ಎಣಿಸತೊಡಗಿದರು. ನಾನು ಕಂಬದ ಹಿಂದೆ ಸರಿದು, ಕಂಬದೊಳಗೇ ಹೋಗಲು ದಾರಿಯಿದೆಯೇ ಎಂದು ನೋಡಿದೆ.

ಉಳಿದದ್ದನ್ನು ಕಾಕಾ ಮಾಡಿದ. ಕಾಕಾನಿಗೆ ಯಾವ ಮಾತನ್ನೂ ನಾಲ್ಕು ಮಂದಿಯೆದುರು ಇತ್ಯರ್ಥ ಮಾಡಿಬಿಡುವ ಚಟ.

"ಹಿರಿಯಾರ, ತಪ್ಪ ತಿಳ್ಕೋಬ್ಯಾಡ್ರಿ" ಎಂದು ಸೋದರಮಾವನಿಗೆ ಕೈ ಮುಗಿದ. "ಹೆಣ್ಣ ಕೊಡೂ ಮಾತು, ಕೇಳಲಾರದ ಬಿಡಾಕ ಬರೂದಿಲ್ಲ. ನಿಮ್ಮಿಬ್ಬರಿಗಷ್ಟ ಆದ್ರ ಪ್ರವಾಸದ್ದು ಅನ್ನಬಹುದಿತ್ತು. ಮೂರೂ ಮಂದಿ ಕಾಫಿ ಕೇಳಿದ್ರಿ. ಈ ಹೊಟ್ಟಿ ತ್ರಾಸ ನಿಮ್ಮ ಮನಿತನದಾಗ ಐತೇನ್ರಿ?"

ಇದು ಮಾತ್ರ ತಾಯಿಗೆ ಪೂರ್ತಿ ಅರ್ಥವಾಯಿತು.

"ಹೊಟ್ಟೆ ತೊಂದರೆನಾ? ನಮ್ಮ ಮನೆತನಕ್ಕಾ?" ಎಂದು ಅವರು ಎದ್ದು ನಿಂತರು. "ಕುಡಿಯೋಕೆ ಕಷಾಯ ಕೊಟ್ಟು, ಮೇಲೆ ಈ ಮಾತು ಬೇರೆ. ನಡಿಯೋ, ಹೋಗೋಣ." ಚೀಲ ಹೆಗಲಿಗೇರಿತು. ಅಪ್ಪ ಎದ್ದರು, "ಕುಂದರ್ರಿ, ಕುಂದರ್ರಿ" ಎಂದರೇ ಹೊರತು ಕಾಕಾನ ಮಾತು ತಪ್ಪು ಎನ್ನಲಿಲ್ಲ. ಅಪ್ಪನೂ ಕಾಫಿಯನ್ನು ಔಷಧ ಎಂದೇ ಬಲ್ಲವರು. ಹುಡುಗ ಮೊಸರನ್ನದ ಬಟ್ಟಲು ಹಿಡಿದೇ ಎದ್ದು ನಿಂತಿದ್ದರು.

ಇನ್ನು ಮೂರು ಹೆಜ್ಜೆಗೆ ಹೊಸ್ತಿಲು. ಅದನ್ನು ದಾಟಿದರೆ ಮುಗಿಯಿತು. ನನಗೆ ಅದೊಂದೇ ಕಂಡದ್ದು. ನೋಡಿಸಿಕೊಳ್ಳುವ ಹುಡುಗಿ ಮಾತಾಡಬಾರದು, ಅದೂ ಕೇಳದೆ ಮಾತಾಡಬಾರದು ಎನ್ನುವುದೆಲ್ಲ ಮರೆತುಹೋಯಿತು.

"ಕಾಕಾ, ಅವರಿಗೆ ಏನೂ ಆಗಿಲ್ಲ" ಎಂದೆ. "ಅವರು ದಿನಾ ಕಾಫೀನ ಕುಡಿತಾರ. ಹಾಲು ಹಾಕಿ ಕುಡಿತಾರ. ನಮಗ ಚಹಾ ಹೆಂಗೋ ಅವರಿಗೆ ಅದು ಹಂಗ."

ತಾಯಿಯ ಮುಖ ಸಡಿಲಾಯಿತು. ಅಪ್ಪ ಉಸಿರು ಬಿಟ್ಟರು. ಒಂದು ಗಳಿಗೆ ಎಲ್ಲ ನೆಟ್ಟಗಾಯಿತು ಅನ್ನಿಸಿತು. ಆ ಗಳಿಗೆಯಲ್ಲೇ ಕಾಕಾ ಕೇಳಿದ.

"ನಿನಗ ಹೆಂಗ ಗೊತ್ತ?"

ಒಳಗೆ ಬಾಣಲೆಯಲ್ಲಿ ಒಂದು ಭಜಿ ಕರಕಾಗುತ್ತಿದ್ದ ವಾಸನೆ ಬರುತ್ತಿತ್ತು.

"ಟೈಪಿಂಗ್ ಕ್ಲಾಸಿನ ಕಿಟಕ್ಯಾಗಿಂದ ಹೋಟೆಲ್ ಕಾಣತೈತಿ" ಎಂದೆ.

"ದಿನಾ ನೋಡ್ತಿಯೇನ?"

ಇಲ್ಲ ಅನ್ನಬಹುದಿತ್ತು. ಆದರೆ ಹೌದೆಂದು ತಲೆ ಆಡಿಸಿದೆ.

ಹುಡುಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಟ್ಟಿರಲಿಲ್ಲ ಅವರ ಧ್ವನಿಯಲ್ಲಿ, ಅದೇ ಹೆಚ್ಚು ಚುಚ್ಚಿದ್ದು. "ನೋಡೋಕೆ ಅಂತ ನಾವು ಬಂದಿದ್ದು ಅಂದ್ಕೊಂಡಿದ್ದೆ. ಇಲ್ಲಿ ಆಗಲೇ ನೋಡಿ ಮುಗಿಸಿದ್ದಾರೆ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಿನಗೂ ಗೊತ್ತಿತ್ತೇನೋ ಇದು?" ಎಂದು ಕೇಳಿದರು.

ನಾನು ಅವರನ್ನು ನೋಡಿದೆ. ಕಿಟಕಿಗೆ ಎದುರಾಗಿ ಕುರ್ಚಿ ತಿರುಗಿಸಿಕೊಂಡವರು ಅವರು. ಲೋಟ ಎತ್ತಿ ತೋರಿಸಿದವರು ಅವರು. ಮ್ಯಾನೇಜರರ ಬಾಯಿಂದ ಮಾತು ಆಡಿಸಿದವರೂ ಅವರೇ. ಹೌದಮ್ಮ ಎಂಬ ಒಂದು ಮಾತು ಬಂದಿದ್ದರೆ ನನ್ನ ನಾಚಿಕೆ ಅರ್ಧವಾಗುತ್ತಿತ್ತು.

"ಇಲ್ಲಮ್ಮ, ನನಗೇನೂ ಗೊತ್ತಿಲ್ಲ" ಎಂದರು ಅವರು, ಬಟ್ಟಲಿನ ಮೊಸರನ್ನ ನೋಡುತ್ತ.

ತಿಳಿಸುತ್ತೇವೆ ಎಂದು ಹೋದವರು ತಿಳಿಸಲಿಲ್ಲ. ಅಪ್ಪ ಬೈಯಲಿಲ್ಲ, ಟೈಪಿಂಗ್ ಕ್ಲಾಸು ಮಾತ್ರ ಅಲ್ಲಿಗೆ ನಿಂತಿತು. ಮಾತು ಅದು ಹೇಗೋ ಓಣಿ ದಾಟಿ ಕೆರೆಗೆ ಹೋಯಿತು. ನಾನು ಕೊಡ ಹೊತ್ತು ಹೋದರೆ ಹೆಣ್ಣುಮಕ್ಕಳು "ಬಂದಳು ನೋಡ್ರಿ ಕಿಟಕಿ ನೀಲವ್ವ" ಎಂದು ಕಿಸಕ್ಕೆನ್ನುವರು. ಎಷ್ಟೋ ದಿನ ನಾನು ಉರಿಬಿಸಿಲಿನಲ್ಲಿ, ಕೆರೆಯ ಹತ್ತಿರ ಯಾರೂ ಇರದ ಹೊತ್ತಿನಲ್ಲಿ ನೀರಿಗೆ ಹೋಗಿದ್ದೇನೆ. ಮುಂದೆ ಮಿಶ್ರಿಕೋಟಿಯವರು ಬಂದರು, ಬಶಿಯಲ್ಲಿ ಸುರ್ ಎಂದು ಚಹಾ ಕುಡಿದರು, ಒಪ್ಪಿದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನ್ನದೇನೂ ತಕರಾರಿಲ್ಲ.

ಇದೆಲ್ಲ ಆಮೇಲಿನ ಮಾತು. ಆವತ್ತು, ಅವರು ಹೋದ ಸಂಜೆ, ಅವ್ವ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ನನಗೆ ಅಳುವೂ ಬರಲಿಲ್ಲ. ಮುಖ ಮೈ ಎಲ್ಲ ಸುಡುತ್ತಿತ್ತು, ಅಷ್ಟೇ. ಕೈಗೊಂದು ಕೆಲಸ ಬೇಕೆಂದು ಹಿತ್ತಲಲ್ಲಿ ಲೋಟ ತಿಕ್ಕಲು ಕೂತೆ. ಆಯಿ ಬಂದು ಎದುರಿಗೆ ಕಲ್ಲಿನ ಮೇಲೆ ಕೂತಳು.

"ನನ್ನಿಂದ ಕೆಟ್ಟಿತಲ್ಲವ್ವಾ ನಿನ್ನ ಕೆಲಸ" ಎಂದಳು. ಆಯಿ ಯಾರೆದುರಿಗೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

"ಇಲ್ಲ ಆಯಿ."

"ಅಂವಾ ಸುಳ್ಳ ಹೇಳಿದ, ಹೌದಲ್ಲ?"

ನಾನು ಬೂದಿ ಹಚ್ಚಿ ಲೋಟ ತಿಕ್ಕುತ್ತಲೇ ಇದ್ದೆ.

"ಹೊಟ್ಟಿ ನೆಟ್ಟಗ ಇದ್ದಾವ ಎರಡ ಲೋಟ ಔಷಧ ಕುಡದನಲ್ಲಬೇ" ಎಂದಳು ಆಯಿ. "ಬ್ಯಾಡ ಅನ್ನಾಕ ಏನಾಗಿತ್ತ ಅವಗ?"

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಆದ ಮೇಲೂ ನಾನು ಅವರ ಪರವಾಗಿಯೇ ನಿಂತೆ.

"ಮರ್ಯಾದಿಗೆ ಕುಡದ್ರು ಆಯಿ ಅವರು. ಹಿರ್ಯಾರು ಕೊಟ್ಟದ್ದು ಒಲ್ಲೆ ಅನ್ನಬಾರದು ಅಂತ."

"ಹೂಂ, ಮರ್ಯಾದಿಗೆ ಕುಡದ" ಎಂದು ಆಯಿ ನನ್ನ ಕೈಯಿಂದ ಲೋಟ ತಗೊಂಡು ನೀರು ಹಾಕಿದಳು. "ಗೊತ್ತಿಲ್ಲ ಅಂದದ್ದೂ ಮರ್ಯಾದಿಗೇ."

ಆಗ ನನಗೆ ಅಳು ಬಂತು.